ಸ್ವಂತ ಊರಿನಲ್ಲೇ ಲಾಡ್ಜು ಹಿಡಿದ ಶನಿವಾರ

ಹೋದ ವರ್ಷ ಏಪ್ರಿಲ್ ತಿಂಗಳು. ನಮ್ಮ ಲಗ್ನವಾಗಿ ಇಪ್ಪತ್ತೈದು ವರ್ಷ ತುಂಬಿದ ವಾರವದು. ಹೈದರಾಬಾದಿಗೆ ಹೋಗಿ ಎರಡು ದಿನ ಸುತ್ತಾಡಿ ಬರೋಣ ಎಂದು ನಮ್ಮ ಮನೆಯವರು ಸಂಕ್ರಾಂತಿಯಿಂದಲೂ ಹೇಳುತ್ತಿದ್ದರು. ಅವರು ಸಿಮೆಂಟ್ ಫ್ಯಾಕ್ಟರಿಯೊಂದರಲ್ಲಿ ಲಾರಿ ತೂಕ ಮಾಡುವ ಕೆಲಸದಲ್ಲಿದ್ದಾರೆ. ಕೊನೆಗೆ ಸಿಕ್ಕಿದ್ದು ಶನಿವಾರ, ಭಾನುವಾರ ಎರಡೇ ದಿನದ ರಜೆ. ಆ ಸೆಕೆಯಲ್ಲಿ ಬಸ್ಸಿನಲ್ಲಿ ಹೋಗಿ, ಅದೇ ಸೆಕೆಯಲ್ಲಿ ಬಸ್ಸಿನಲ್ಲಿ ಬರುವುದರಲ್ಲೇ ಅದು ಮುಗಿದು ಹೋಗುತ್ತಿತ್ತು.

ನಿಜ ಹೇಳಬೇಕೆಂದರೆ ನನಗೆ ಹೈದರಾಬಾದ್ ಬೇಕಾಗಿರಲಿಲ್ಲ. ನನಗೆ ನಿದ್ದೆ ಬೇಕಾಗಿತ್ತು.

ಸೇಡಂನಲ್ಲಿ ನಮ್ಮ ಮನೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದೆ. ಲಗ್ನಕ್ಕೆ ಮುಂಚೆ ಇದನ್ನು ದೊಡ್ಡ ಅನುಕೂಲ ಎಂದು ನಮ್ಮಪ್ಪನಿಗೆ ಹೇಳಿದ್ದರು. ನಮ್ಮ ತಾಲ್ಲೂಕಿನದೇ ಆದ ಮುಧೋಳದಿಂದ ದವಾಖಾನೆಗೆ ಬಂದವರು, ಚಿಂಚೋಳಿ ಕಡೆಯಿಂದ ಬಂದು ಬಸ್ ಬದಲಿಸುವವರು, ತಹಸೀಲ್ ಕಚೇರಿಯಲ್ಲಿ ಸಾಹೇಬರು ಊಟಕ್ಕೆ ಹೋಗಿದ್ದಾರೆಂದು ಕೇಳಿ ಬೇಸತ್ತವರು, ಎಲ್ಲರೂ ನಮ್ಮ ಮನೆಗೇ ಬರುತ್ತಾರೆ. ನಮ್ಮ ಮನೆಯವರಂತೂ ರಸ್ತೆಯಲ್ಲಿ ಕಂಡವರಿಗೆಲ್ಲ "ನಮ್ಮ ಮನಿ ಇಲ್ಲೇ ಅದ, ಬರ್ರಿ, ಚಾ ಕುಡದು ಹೋಗ್ರಿ" ಅನ್ನುವವರು. ಒಮ್ಮೆ ಒಬ್ಬ ಹಿರಿಯರನ್ನು ಕರೆತಂದಿದ್ದರು. ಅವರಿಗೆ ಚಾ ಕೊಟ್ಟು, ರೊಟ್ಟಿ ಬಡಿದು ಊಟಕ್ಕೆ ಹಾಕಿದೆ. ಅವರು ಹೋದ ಮೇಲೆ "ಯಾರ್ರಿ ಅವ್ರು?" ಎಂದು ಕೇಳಿದರೆ, "ನಿಮ್ಮ ಕಡಿಯವರಲ್ಲೇನು?" ಎಂದು ನನ್ನನ್ನೇ ಕೇಳಿದರು. ಆ ಮನುಷ್ಯ ತಾಂಡೂರ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದ್ದರಂತೆ, ಅಷ್ಟೇ.

ಇದರ ನಡುವೆ ನಾನು ಮನೆಯಲ್ಲಿ ರವಿಕೆ ಹೊಲಿಯುತ್ತೇನೆ. ಹಾಗಾಗಿ ಬಂಧುಗಳು ಬರದ ಹೊತ್ತಿನಲ್ಲಿ ಗಿರಾಕಿಗಳು ಬರುತ್ತಾರೆ. ಮಧ್ಯಾಹ್ನ ಜರಾ ಅಡ್ಡಾಗೋಣ ಎಂದು ತಲೆದಿಂಬು ಎಳೆದುಕೊಂಡರೆ ಬಾಗಿಲ ಚಿಲಕ ಟಣ್ ಅನ್ನುತ್ತದೆ.

ಉಪಾಯ ಹೇಳಿದವಳು ನಮ್ಮ ಮಗಳು ಪೂಜಾ. ಅವಳು ಕಲಬುರ್ಗಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. "ಅವ್ವಾ, ದೂರ ಹೋಗೂದೇ ಬ್ಯಾಡ. ಈಗ ಮಂದಿ ತಮ್ಮ ಊರಾಗೇ ಲಾಡ್ಜ್ ಹಿಡ್ದು ಎರಡ್ ದಿನ ಆರಾಮ್ ಇದ್ದು ಬರ್ತಾರ" ಎಂದಳು. ಕಲಬುರ್ಗಿ ರಸ್ತೆಗೆ ಹೊಸದಾಗಿ ಎದ್ದ ಲಾಡ್ಜಿನಲ್ಲಿ ಎಸಿ ರೂಮನ್ನು ಅಲ್ಲಿಂದಲೇ ಮೊಬೈಲಿನಲ್ಲಿ ಬುಕ್ ಮಾಡಿಬಿಟ್ಟಳು.

ನಮ್ಮ ಅತ್ತೆಯವರಿಗೆ ಸುಳ್ಳು ಹೇಳುವುದು ಬೇಡ ಎಂದು ನಾನೇ ಹೇಳಿದೆ. ಅವರು ಗಟ್ಟಿ ಮುದುಕಿ. ಎರಡು ದಿನ ತಾವೇ ಮಾಡಿಕೊಂಡು ಉಣ್ಣಬಲ್ಲರು. ಪಕ್ಕದ ಮನೆಯಲ್ಲಿ ಫಾತಿಮಾ ಆಪಾ ಇದ್ದಾರೆ, ಒಂದು ಕೂಗು ಹಾಕಿದರೆ ಬರುತ್ತಾರೆ. ನಮ್ಮ ಮನೆಯವರು ಇದ್ದದ್ದು ಇದ್ದಂಗೆ ಹೇಳಿದರು.

"ಲಾಡ್ಜಿನಾಗ ಯಾಕೋ? ಮನಿಗಿ ಏನಾಗ್ಯದ?" ಎಂದರು ಅತ್ತೆ.

"ಮನಿಗಿ ಏನೂ ಆಗಿಲ್ಲವ್ವ. ಸುಮ್ನ, ಆರಾಮ್ ಇರ್ಲಿಕ್ಕೆ."

"ಮನ್ಯಾಗ ಆರಾಮ್ ಇಲ್ಲೇನು?"

ಬ್ಯಾಗು ಹಿಡಿದು ಹೊರಟೆವು. ಅತ್ತೆ ಬಾಗಿಲಲ್ಲಿ ನಿಂತು ನೋಡಿದ ರೀತಿ ನನಗೆ ಸರಿಬರಲಿಲ್ಲ. ಆದರೆ ಬಿಸಿಲು ಜೋರಿತ್ತು, ಎಸಿ ಕರೆಯುತ್ತಿತ್ತು.

ಲಾಡ್ಜಿನ ಮ್ಯಾನೇಜರು ದಪ್ಪ ಮೀಸೆಯ ನಡುವಯಸ್ಸಿನ ಮನುಷ್ಯ. ನಮ್ಮ ಆಧಾರ್ ಕಾರ್ಡುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನಿಮ್ದು ಸೇಡಂ ಅಡ್ರೆಸ್ಸೇ ಅದಲ್ರಿ."

"ಹೌದ್ರಿ. ಇಲ್ಲೇ, ಬಸ್ ಸ್ಟ್ಯಾಂಡ್ ಹಿಂದ."

"ಮತ್ತ ಮನಿಗಿ ಹೋಗ್ರಲ್ಲ?"

ಊರಿನವರಿಗೆ ರೂಮು ಕೊಡಬಾರದೆಂದು ಮಾಲಕರ ಕಟ್ಟಪ್ಪಣೆಯಂತೆ. ನಾವು ಗಂಡ ಹೆಂಡತಿ ಎಂದು ನಮ್ಮ ಮನೆಯವರು ಹೇಳಿದರು. "ಬಂದವ್ರೆಲ್ಲಾ ಹಂಗೇ ಅಂತಾರ್ರಿ" ಎಂದರು ಮ್ಯಾನೇಜರು. ನನ್ನ ಕಾರ್ಡಿನಲ್ಲಿ ಗಂಡನ ಹೆಸರು ಹಾಕಿಸಿರಲಿಲ್ಲ, ನಮ್ಮಪ್ಪನ ಹೆಸರೇ ಇತ್ತು. ಹಿಂದಿನ ಬೆಂಚಿನ ಮೇಲೆ ಕುಳಿತಿದ್ದ ಇಬ್ಬರು ಪೇಪರ್ ಕೆಳಗಿಟ್ಟು ನನ್ನನ್ನು ನೋಡತೊಡಗಿದರು. ನಾನು ಸೆರಗನ್ನು ತಲೆ ಮೇಲೆ ಎಳೆದುಕೊಂಡೆ. ಅದರಿಂದ ಅವರ ಸಂಶಯ ಇನ್ನೂ ಹೆಚ್ಚಾಯಿತೇನೋ.

ಕಡೆಗೆ ಪೂಜಾಳಿಗೆ ವಿಡಿಯೋ ಕಾಲ್ ಮಾಡಿದೆವು. "ಅಂಕಲ್, ಇವ್ರು ನಮ್ಮ ಅವ್ವ, ಅಪ್ಪರಿ. ನಾನೇ ಬುಕ್ ಮಾಡೀನ್ರಿ" ಎಂದಳು.

ಮ್ಯಾನೇಜರು ಫೋನಿನ ಹತ್ತಿರ ಬಗ್ಗಿ, "ಖರೇ ಹೇಳು ತಂಗಿ" ಎಂದರು.

ನಮ್ಮ ಮನೆಯವರಿಗೆ ಸಿಟ್ಟು ಬಂತು. "ನಾ ಬ್ಯಾರೆ ಯಾರನ್ನಾರ ಕರ್ಕೊಂಡ್ ಬರೂ ಮನಶ್ಯಾ ಇದ್ದಿದ್ರ, ಮನಿ ಕಾಣೂವಷ್ಟು ಹತ್ರದ ಲಾಡ್ಜಿಗಿ ಬರ್ತಿದ್ನೇನ್ರಿ? ಮತ್ತ ಇಕಿನ್ನೇ ಕರ್ಕೊಂಡ್ ಬರ್ತಿದ್ನೇನು?"

ಮ್ಯಾನೇಜರು ನನ್ನತ್ತ ಒಮ್ಮೆ ನೋಡಿ, ಹೌದಲ್ಲ ಎನ್ನುವಂತೆ ತಲೆಯಾಡಿಸಿ, ಚಾವಿ ಕೊಟ್ಟರು. ರೂಮು ಸಿಕ್ಕಿತೆಂದು ಖುಷಿಪಡಬೇಕೋ, ಆ ಮಾತಿಗೆ ಸಿಟ್ಟಾಗಬೇಕೋ ತಿಳಿಯದೆ ನಾನು ಮೆಟ್ಟಿಲು ಹತ್ತಿದೆ.

ರೂಮು ಮಾತ್ರ ಅರಮನೆಯಂತಿತ್ತು. ಮಂಚದ ಮೇಲೆ ಬಿಳಿ ಹಾಸಿಗೆ ಒಂದು ಸುಕ್ಕಿಲ್ಲದಂತೆ ಹಾಸಿದ್ದರು. ನನಗೋಸ್ಕರ ಬೇರೆಯವರು ಹಾಸಿಗೆ ಹಾಸಿದ್ದು ಪೂಜಾ ಹುಟ್ಟಿದಾಗಿನ ನನ್ನ ಬಾಣಂತನದ ನಂತರ ಅದೇ ಮೊದಲು. ಎಸಿ ತಂಪು ಬಿಡತೊಡಗಿತು. ನಾನು ಮಲಗಿ ಕಣ್ಣು ಮುಚ್ಚಿದೆ.

"ಜಗದೇವಿ, ಬಾ ಇಲ್ಲಿ! ಕಿಡಕ್ಯಾಗಿಂದ ನಮ್ಮ ಮನಿ ಕಾಣ್ತದ!"

"ನೋಡೀನ್ರಿ. ಇಪ್ಪತ್ತೈದ್ ವರ್ಷದಿಂದ ಅದನ್ನೇ ನೋಡ್ಲಿಕತ್ತೀನಿ."

"ಅಯ್ಯ, ಮಾಳಿಗಿ ಮ್ಯಾಲಿನ ಟಾಕಿ ತುಂಬಿ ಹರೀಲಿಕತ್ತದಲ್ಲ! ಅವ್ವ ಮೋಟರ್ ಬಂದ್ ಮಾಡಿಲ್ಲ!"

ಏಪ್ರಿಲ್ ತಿಂಗಳಲ್ಲಿ ನೀರು ಹರಿದು ಹೋಗುವುದನ್ನು ನೋಡಿಕೊಂಡು ಮಲಗುವುದು ಹೇಗೆ? ಕೂಡಲೇ ಫೋನ್ ಮಾಡಿದರು. ಅತ್ತೆ ಮೋಟರ್ ಬಂದ್ ಮಾಡಿ ಬಂದು, "ಟಾಕಿ ತುಂಬಿದ್ದು ನಿನಗ ಹ್ಯಾಂಗ ಗೊತ್ತಾಯ್ತೋ?" ಎಂದು ಕೇಳಿದರು.

"ಇಲ್ಲಿಂದ ಎಲ್ಲಾ ಕಾಣ್ತದವ್ವ."

"ಹಂಗಾರ ನಾ ಏನ್ ಮಾಡ್ತೀನಿ ಅಂತ ಕಾಯಲಿಕ್ಕೇ ಅಲ್ಲಿ ಕುಂತೀರೇನು?" ಎಂದು ಫೋನ್ ಇಟ್ಟುಬಿಟ್ಟರು.

ಆಮೇಲೆ ಅವರು ಯಾರಿಗೆ ಫೋನ್ ಮಾಡಿದರೆಂಬುದು ಎರಡು ತಾಸಿನೊಳಗೆ ತಿಳಿಯಿತು. ನನಗೆ ಆಗಷ್ಟೇ ಜೋಂಪು ಹತ್ತಿತ್ತು. ಬಾಗಿಲು ಧಡಧಡ ಬಡಿದ ಶಬ್ದ. ತೆಗೆದರೆ ಚಿತ್ತಾಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ತಮ್ಮ ಶಿವಶರಣ, ಅವನ ಹಿಂದೆ ನಮ್ಮ ಸೋದರಮಾವ ಸಂಗಣ್ಣ ಮಾವ. ಮಾವ ವಾಡಿಯವರು, ರೈಲ್ವೆಯಲ್ಲಿದ್ದು ರಿಟೈರ್ ಆದವರು. ನಮ್ಮ ಬಳಗದಲ್ಲಿ ಎಲ್ಲೇ ಗಂಡ ಹೆಂಡಿರ ಜಗಳವಾಗಲಿ, ಬಿಡಿಸಲು ಅವರನ್ನೇ ಕರೆಯುತ್ತಾರೆ. ಇಬ್ಬರೂ ಬೆವರಿನಲ್ಲಿ ತೊಯ್ದಿದ್ದರು.

"ಅಕ್ಕಾ, ಬ್ಯಾಗ್ ತಗೋ. ನಡಿ ನಮ್ಮ ಮನಿಗಿ" ಎಂದ ಶಿವಶರಣ.

"ಏನಾಯ್ತೋ?" ಎಂದರು ನಮ್ಮ ಮನೆಯವರು.

"ಅದನ್ನ ನೀವು ಹೇಳ್ಬೇಕ್ರಿ ಮಾಮಾ. ನಮ್ಮಕ್ಕ ಮನಿ ಬಿಟ್ಟು ಬರೂವಂಥಾದ್ದು ಏನ್ ಮಾಡೀರಿ?"

ಮಾವ ಇಬ್ಬರನ್ನೂ ಸುಮ್ಮನಿರಿಸಿ ಎಸಿ ಕೆಳಗಿನ ಕುರ್ಚಿಯಲ್ಲಿ ಕುಳಿತರು. "ಮೊದಲ ಎಲ್ಲಾರೂ ಕುಂದ್ರಿ. ಹೇಳವ್ವಾ ಜಗದೇವಿ, ಜಗಳ ಹ್ಯಾಂಗ ಸುರು ಆಯ್ತು?"

"ಜಗಳಾನೇ ಆಗಿಲ್ಲ ಮಾವ."

"ಹೆಣ್ಮಕ್ಳು ಮೊದಲ ಹಿಂಗೇ ಮುಚ್ಚತಾರ. ಅಂಜಬ್ಯಾಡ, ಹೇಳು."

"ಖರೇನೇ ಆಗಿಲ್ಲ. ಸುಮ್ನ ಆರಾಮ್ ಇರ್ಲಿಕ್ಕೆ ಬಂದೀವಿ."

"ಜಗಳ ಆಗಿಲ್ಲಂದ್ರ, ಇಂಥಾ ಬಿಸಿಲಾಗ ವಾಡಿಯಿಂದ ನಾ ಯಾಕ ಬಂದೆ?" ಎಂದು ಮಾವ ಬೇಜಾರಿನಿಂದಲೇ ಕೇಳಿದರು. ಅವರ ಮುಖ ನೋಡಿದರೆ ಒಂದು ಸಣ್ಣ ಜಗಳವನ್ನಾದರೂ ಕೊಟ್ಟು ಕಳಿಸಬೇಕು ಅನ್ನಿಸುವಂತಿತ್ತು. ಆಮೇಲೆ ಅವರೇ ಬೇರೆ ದಾರಿ ಹಿಡಿದರು. "ಆತು, ಆರಾಮ್ ಬೇಕು ಅಂದ್ರ ತ್ರಾಸ್ ಇರಲಿಕ್ಕೇ ಬೇಕು. ಏನ್ ತ್ರಾಸ್ ಅದ?"

ಆ ಪ್ರಶ್ನೆಯನ್ನು ಅಲ್ಲಿಯವರೆಗೆ ನನಗೆ ಯಾರೂ ಕೇಳಿರಲಿಲ್ಲ. ಏನಿಲ್ಲ ಮಾವ ಎನ್ನಲು ಬಾಯಿ ತೆರೆದೆ. ಬಂದದ್ದೇ ಬೇರೆ. ಬೆಳಗಿನ ಚಾ, ಹತ್ತು ಗಂಟೆಯ ಚಾ, ಬಸ್ ತಪ್ಪಿದವರ ಚಾ, ಬಸ್ಸು ಇನ್ನೂ ಬರದವರ ಚಾ, ತಾಂಡೂರ ಬಸ್ಸಿನ ಆ ಹಿರಿಯರ ಊಟ, ಎಲ್ಲವನ್ನೂ ಹೇಳಿದೆ.

ನಮ್ಮ ಮನೆಯವರು ನಗುತ್ತಾ, "ಚಾ ಮಾಡೂದು ಅಂಥಾ ದೊಡ್ಡ ಕೆಲಸೇನು?" ಎಂದರು.

ನಾನು ಅವರತ್ತ ನೋಡಿದೆ. ನಗು ನಿಂತಿತು.

"ಬಂತು ನೋಡು!" ಎಂದು ಮಾವ ತೊಡೆ ತಟ್ಟಿದರು. "ಜಗಳ ಸಿಕ್ತು!"

ಅಷ್ಟರಲ್ಲಿ ಅತ್ತೆಯೂ ಆಟೋದಲ್ಲಿ ಬಂದಿಳಿದರು. ಮನೆಗೆ ಕೀಲಿ ಹಾಕಿ, ಚಾವಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಕೈಯಲ್ಲಿ ಬುತ್ತಿ ಗಂಟು ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದರು. ಬುತ್ತಿಯನ್ನು ಮಂಚದ ಮೇಲಿಟ್ಟು, "ಉಪಾಸ ಇದ್ದೀರೇನೋ ಅಂತ ರೊಟ್ಟಿ, ಪುಂಡಿಪಲ್ಯ ತಂದೀನಿ" ಎಂದವರ ಕಣ್ಣಲ್ಲಿ ನೀರು. "ನನ್ನ ಸಲುವಾಗಿ ಬ್ಯಾಸತ್ತು ಬಂದಿದ್ರ ಹೇಳಿಬಿಡವ್ವ ಜಗದೇವಿ. ನಾ ಚಿಂಚೋಳಿಗಿ ಮಗಳ ಮನಿಗಿ ಹೋಗ್ತೀನಿ. ನೀವು ನಿಮ್ಮ ಮನ್ಯಾಗ ಇರ್ರಿ. ಹಿಂಗ ಮಂದಿ ಮುಂದ ಲಾಡ್ಜಿನಾಗ ಇರಬ್ಯಾಡ್ರಿ."

ಇಷ್ಟೊತ್ತು ನನಗೆ ನಗು, ಸಿಟ್ಟು ಎರಡೂ ಇದ್ದವು. ಈಗ ಎರಡೂ ಹೋದವು. ಅತ್ತೆಯ ಕೈ ಹಿಡಿದು ಕೂರಿಸಿದೆ. "ನಿಮ್ಮಾಣಿ ಅತ್ತಿ, ನನಗ ನಿದ್ದಿ ಬೇಕಾಗಿತ್ತು. ಬ್ಯಾರೆ ಏನೂ ಇಲ್ಲ."

"ನಿದ್ದಿ?" ಎಂದರು ಅತ್ತೆ. ಮಂಚವನ್ನು ಅಂಗೈಯಿಂದ ಒತ್ತಿ ನೋಡಿದರು. ಎಸಿಯತ್ತ ಮುಖ ಎತ್ತಿದರು. "ಇಲ್ಲಿ ಭಾಳ ತಣ್ಣಗದ" ಎಂದರು. ಮೆಲ್ಲಗೆ ಕಾಲು ಮೇಲೆ ತೆಗೆದುಕೊಂಡು, ಗೋಡೆಯ ಕಡೆ ತಿರುಗಿ ಮಲಗಿದರು. ನಾವು ಬುತ್ತಿ ಬಿಚ್ಚುವಷ್ಟರಲ್ಲಿ ಗೊರಕೆ ಕೇಳಿಸಿತು.

ಗಂಡಸರು ಹೊಟ್ಟೆ ತುಂಬ ಉಂಡರು. ಮಾವ ನೆಲದ ಮೇಲೆ ಟವೆಲ್ ಹಾಸಿ ಅಡ್ಡಾದರು, ಶಿವಶರಣ ಮಂಚದ ಕಾಲಿಗೆ ಒರಗಿದ, ನಮ್ಮ ಮನೆಯವರು ಕುರ್ಚಿಯಲ್ಲೇ ತೂಕಡಿಸಿದರು. ನಾನು ನಿದ್ದೆಗೆಂದು ಹಿಡಿದ ರೂಮಿನಲ್ಲಿ ನನ್ನನ್ನು ಬಿಟ್ಟು ಎಲ್ಲರೂ ನಿದ್ದೆ ಮಾಡುತ್ತಿದ್ದರು. ನಾನು ತಟ್ಟೆ ತೊಳೆಯುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಮಾವ ಎದ್ದು ಕುಳಿತು ಆಕಳಿಸಿದರು. "ಈಗ ಜರಾ ಚಾ ಆಗ್ಬೇಕು ನೋಡವ್ವ ಜಗದೇವಿ."

ಎಲ್ಲರಿಗೂ ಒಮ್ಮೆಗೇ ಎಚ್ಚರವಾಯಿತು. ಎಲ್ಲರೂ ನನ್ನ ಮುಖ ನೋಡಿದರು. ನಮ್ಮ ಮನೆಯವರು, ಇಷ್ಟೆಲ್ಲಾ ಆದ ಮೇಲೂ, ಅರೆನಿದ್ದೆಯಲ್ಲಿ ಹೇಳಿದರು: "ನಮ್ಮ ಮನಿ ಇಲ್ಲೇ ಅದಲ್ಲ. ಹೋಗಿ ಥರ್ಮಾಸಿನಾಗ ಮಾಡ್ಕೊಂಡ್ ಬಾ."

ಅತ್ತೆಯ ಸೆರಗಿನ ಗಂಟು ಬಿಚ್ಚಿ ಚಾವಿ ತೆಗೆದುಕೊಂಡೆ, ಇಳಿದು ಬಂದು ಆಟೋ ಹತ್ತಿದೆ.

ಮನೆ ಬಾಗಿಲು ತೆಗೆದು ಒಳಗೆ ಕಾಲಿಟ್ಟಾಗ ಒಂದು ಕ್ಷಣ ಬೇರೆಯವರ ಮನೆಗೆ ಬಂದೆನೇನೋ ಅನ್ನಿಸಿತು. ಅಷ್ಟು ನಿಶ್ಶಬ್ದ. ಯಾರೂ ಕೆಮ್ಮುತ್ತಿಲ್ಲ, ಟಿವಿ ಇಲ್ಲ, ಅಂಗಳದಲ್ಲಿ ಚಪ್ಪಲಿಗಳಿಲ್ಲ. ಈ ಮನೆ ಹೀಗೂ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಹೊಸ್ತಿಲಲ್ಲೇ ನಿಂತುಬಿಟ್ಟೆ.

ಫಾತಿಮಾ ಆಪಾ ಕಟ್ಟೆಯ ಮೇಲೆ ಕುಳಿತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. "ಕ್ಯಾ ಜಗದೇವಿ, ಇಷ್ಟು ಜಲ್ದಿ ಬಂದಿ?" ಎಂದರು. ನಡೆದದ್ದನ್ನೆಲ್ಲ ಹೇಳಿದೆ. ಆಪಾ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಆಮೇಲೆ ಎದ್ದು ಬಂದು ನನ್ನ ಕೈಯಿಂದ ಕೀಲಿ, ಚಾವಿ ಎರಡನ್ನೂ ಇಸಿದುಕೊಂಡರು.

"ಒಳಗ ಹೋಗು. ಫೋನ್ ಬಂದ್ ಮಾಡು. ನಾ ಹೊರಗಿಂದ ಕೀಲಿ ಹಾಕ್ತೀನಿ. ಯಾರರ ಬಂದ್ರ ನಾ ನೋಡ್ಕೋತೀನಿ."

ಚಾಪೆ ಹಾಸಿದೆ, ಫ್ಯಾನು ತಿರುಗಿಸಿದೆ, ಮಲಗಿದೆ. ಅರೆನಿದ್ದೆಯಲ್ಲಿ ಒಮ್ಮೆ ಚಿಲಕದ ಸದ್ದು, "ಅಕ್ಕಾರ, ನಾವ್ರಿ, ಮುಧೋಳದವ್ರು" ಎಂಬ ಧ್ವನಿ. ಅಭ್ಯಾಸಬಲದಿಂದ ಎದ್ದೇ ಬಿಡುತ್ತಿದ್ದೆ. ಆಗ ಆಪಾ ದನಿ ಕೇಳಿಸಿತು: "ಕೀಲಿ ಕಾಣಂಗಿಲ್ಲೇನ್ರಿ? ಎಲ್ಲಾರೂ ಕಲಬುರ್ಗಿ ರೋಡಿನ ಲಾಡ್ಜಿಗಿ ಹೋಗ್ಯಾರ. ಅಲ್ಲೇ ಹೋಗ್ರಿ, ಭಾಳ ತಂಪದಂತ." ಹೆಜ್ಜೆಗಳು ದೂರವಾದವು. ಅದರ ನಂತರ ನನಗೆ ಏನೂ ಗೊತ್ತಿಲ್ಲ.

ಎಚ್ಚರವಾದಾಗ ಕಿಟಕಿಯ ಬಿಸಿಲು ಕೆಂಪಾಗಿತ್ತು. ಹೊರಗೆ ಗುಂಪು ಮಾತು.

"ಮನಿಗಿ ಕೀಲಿ ಅದ. ಫೋನ್ ಹತ್ತವಲ್ದು. ಆಪಾನೂ ಇಲ್ಲ" ಎಂದು ನಮ್ಮ ಮನೆಯವರು ಹೇಳುತ್ತಿದ್ದರು. ಆಪಾ ಸಂತೆಗೆ ಹೋಗಿದ್ದರಂತೆ, ಅದು ಆಮೇಲೆ ಗೊತ್ತಾಯಿತು.

"ನಾ ಮೊದಲೇ ಹೇಳಿದ್ದೆ, ಇದು ಸಣ್ಣ ಜಗಳಲ್ಲ ಅಂತ. ರೈಲ್ವೆ ಸ್ಟೇಷನ್ನಿಗಿ ನಡೀರಿ" ಎಂದರು ಮಾವ.

"ಮಾಮಾ, ನಮ್ಮಕ್ಕಗ ಏನರ ಆದ್ರ ನಾ ಸುಮ್ಕ ಇರಂಗಿಲ್ಲ ನೋಡ್ರಿ" ಎಂದ ಶಿವಶರಣ.

ನಮ್ಮ ಮನೆಯವರು ಕಟ್ಟೆಯ ಮೇಲೆ ಕುಸಿದು ಕುಳಿತ ಸದ್ದು ಕೇಳಿಸಿತು. "ನಂದೇ ತಪ್ಪೋ. ಆರಾಮ್ ಇರು ಅಂತ ಕರ್ಕೊಂಡ್ ಹೋಗಿ, ಅಲ್ಲೂ ಚಾ ಮಾಡು ಅಂದೆ. ಅಕಿ ಏನೂ ಅನ್ನಲಿಲ್ಲ ನೋಡು. ಒಂದ್ ಮಾತೂ ಅನ್ನಲಿಲ್ಲ." ಅವರ ದನಿ ಒಡೆಯಿತು.

ಕೂಡಲೇ ಎದ್ದು ಕಿಟಕಿ ತೆಗೆಯಬಹುದಿತ್ತು. ತೆಗೆಯಲಿಲ್ಲ. ಇನ್ನೂ ಏನು ಹೇಳುತ್ತಾರೋ ಕೇಳೋಣ ಎಂದು ಹಾಗೇ ಮಲಗಿದ್ದೆ. ಅಷ್ಟರಲ್ಲಿ ಅತ್ತೆ "ನನ್ನ ಸೊಸಿ ಎಲ್ಲಿ ಹೋದಳಪ್ಪೋ" ಎಂದು ಅಳಲು ಶುರುಮಾಡಿದರು. ಇನ್ನು ತಡೆದರೆ ಓಣಿಯೆಲ್ಲ ಸೇರುತ್ತದೆಂದು ಎದ್ದು ಕಿಟಕಿ ತೆಗೆದೆ.

"ನಾ ಇಲ್ಲೇ ಇದ್ದೀನ್ರಿ."

ಎಲ್ಲರೂ ಬೆಚ್ಚಿ ತಿರುಗಿದರು. ಮುಧೋಳದ ಗಂಡ ಹೆಂಡತಿಯೂ ಕೈಚೀಲ ಹಿಡಿದು ಗುಂಪಿನಲ್ಲಿದ್ದರು. ದವಾಖಾನೆಗೆ ಬಂದವರು ಲಾಡ್ಜಿಗೆ ಹೋಗಿ, ಈಗ ನನ್ನನ್ನು ಹುಡುಕುವುದಕ್ಕೂ ಜೊತೆಯಾಗಿದ್ದರು. ನಮ್ಮ ಮನೆಯವರು ಓಡಿ ಬಂದು ಕಿಟಕಿಯ ಸರಳು ಹಿಡಿದರು. ಕೂದಲು ಕೆದರಿತ್ತು, ಕಣ್ಣು ಕೆಂಪಾಗಿದ್ದವು.

"ಮತ್ತ ಹೊರಗ ಕೀಲಿ?"

"ಆಪಾ ಹಾಕ್ಯಾರ."

"ಒಳಗ ಏನ್ ಮಾಡ್ಲಿಕತ್ತಿದ್ದಿ?"

"ಮಲಗಿದ್ದೆ."

ಅವರು ನನ್ನನ್ನೇ ನೋಡುತ್ತಾ ನಿಂತರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೂ ತಪ್ಪಿರಲಿಲ್ಲ. ಅವರು ಮೆಲ್ಲಗೆ ಕೇಳಿದರು: "ನಿದ್ದಿ ಆಯ್ತೇನು?"

"ಇನ್ನಾ ಜರಾ ಬಾಕಿ ಅದರಿ" ಎಂದೆ.

ಅವರು ಸರಳು ಬಿಟ್ಟು ಗುಂಪಿನ ಕಡೆ ತಿರುಗಿದರು. "ನಡೀರಿ, ನಡೀರಿ. ಎಲ್ಲಾರೂ ಲಾಡ್ಜಿಗಿ ನಡೀರಿ. ಅಕಿ ಮಲಗಲಿ."

"ಮತ್ತ ಚಾ?" ಎಂದರು ಸಂಗಣ್ಣ ಮಾವ.

"ಬಸ್ ಸ್ಟ್ಯಾಂಡ್‌ನಾಗ ನಾ ಕುಡಸ್ತೀನಿ, ನಡೀರಿ ಮಾವ."

ಕತ್ತಲಾಗುವ ಹೊತ್ತಿಗೆ ಆಪಾ ಸಂತೆಯಿಂದ ಬಂದು ಕೀಲಿ ತೆಗೆದರು. ಆ ರಾತ್ರಿ ನಾನು ಮನೆಯಲ್ಲೇ ಇದ್ದೆ. ಮಾವ, ಶಿವಶರಣ, ಮುಧೋಳದವರು ಚಾ ಕುಡಿದು ತಮ್ಮ ತಮ್ಮ ಬಸ್ಸು ಹಿಡಿದರಂತೆ. ಲಾಡ್ಜಿನಲ್ಲಿ ತಾಯಿ, ಮಗ ಇಬ್ಬರೇ ಇದ್ದರು. ಭಾನುವಾರ ಬಿಸಿಲೇರಿದ ಮೇಲೆ ನಾನು ಲಾಡ್ಜಿಗೆ ಹೋದರೆ ಅತ್ತೆ ಎರಡನೇ ಸಲ ಸ್ನಾನ ಮಾಡಿ, ಬಿಳಿ ಟವೆಲನ್ನು ತಲೆಗೆ ಸುತ್ತಿಕೊಂಡು ಕುಳಿತಿದ್ದರು. "ಬಿಸಿನೀರು ಮ್ಯಾಲಿಂದ ಬೀಳ್ತದ ಜಗದೇವಿ, ಮಳಿ ಬಂದಂಗ! ಖಾಲಿ ಯಾವಾಗ ಮಾಡ್ಬೇಕಂತ?" ಎಂದು ಕೇಳಿದರು. ಸಂಜೆವರೆಗೂ ಇರೋಣ ಎಂದು ಅವರಿಗೆ ಆಸೆ.

ಇದಾಗಿ ವರ್ಷವಾಯಿತು. ಚಿತ್ತಾಪುರ, ವಾಡಿಯಲ್ಲೆಲ್ಲ ಇದನ್ನು ಹೇಳಿಕೊಂಡು ನಗುತ್ತಾರೆ. ನಾನೂ ನಗುತ್ತೇನೆ. ಒಂದು ಮಾತು ಮಾತ್ರ ಮನಸ್ಸಿನಲ್ಲಿ ಉಳಿದಿದೆ. ನನಗೆ ಸಾಕಾಗಿದೆ ಎಂಬುದು ಮನೆಯವರಿಗೆ ತಾನಾಗಿ ಗೊತ್ತಾಗಬೇಕು ಎಂದು ನಾನು ಅಷ್ಟು ವರ್ಷ ಕಾದೆ. ಅವರಿಗೆ ಗೊತ್ತಾಗಲಿಲ್ಲ, ನಾನು ಹೇಳಲಿಲ್ಲ. ಹೇಳಿದ ದಿನ ಮೊದಲು ನಕ್ಕರೂ, ಕಿಟಕಿಯ ಸರಳುಗಳ ನಡುವಿನಿಂದ ಹೇಳಿದಾಗ ಅವರು ಕೇಳಿದರು.

ಈಗ ರಜೆಯ ದಿನ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮನೆಯವರು ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂಡುತ್ತಾರೆ. ಬಂದವರನ್ನು ಅಲ್ಲೇ ತಡೆದು "ಮಲಗ್ಯಾಳ್ರಿ, ಮಲಗ್ಯಾಳ, ಸಾವಕಾಶ ಮಾತಾಡ್ರಿ" ಎಂದು ಪಿಸುಗುಟ್ಟುತ್ತಾರೆ. ದಿನವಿಡೀ ಲಾರಿಗಳ ಸದ್ದಿನಲ್ಲಿ ಕೆಲಸ ಮಾಡುವವರು, ಅವರ ಪಿಸುಮಾತು ಓಣಿಯ ಆ ತುದಿಗೂ ಕೇಳುತ್ತದೆ. ಪ್ರತಿಸಲ ನನಗೆ ಎಚ್ಚರವಾಗುತ್ತದೆ. ಆದರೂ ಕಣ್ಣು ತೆರೆಯುವುದಿಲ್ಲ. ಅವರು ಹಾಗೆ ಹೇಳುವುದನ್ನು ಕೇಳುತ್ತಾ ಇನ್ನಷ್ಟು ಹೊತ್ತು ಮಲಗಿರುತ್ತೇನೆ.